ಕ್ಯಾನ್ಸರ್ ವಾಸಿಯಾಗಿ ವರ್ಷಗಳಾದ ಮೇಲೆ ಏದುಸಿರು: ಡಾಕ್ಟರ ಮುಂದೆ ಹಳೇ ಫೈಲ್ ತೆಗೆಯಿರಿ

ಜಯಪುರ: ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟಿರುವ ಒಬ್ಬರನ್ನು ಕಲ್ಪಿಸಿಕೊಳ್ಳಿ. ವಯಸ್ಸು ಐವತ್ತೈದರ ಆಸುಪಾಸು. ಆರು ವರ್ಷದ ಹಿಂದೆ ಕಿಡ್ನಿಯಲ್ಲಿ ಗಡ್ಡೆ ಅಂತ ಆಪರೇಷನ್ ಆಗಿ ಒಂದು ಕಿಡ್ನಿ ತೆಗೆದಿದ್ದಾರೆ. ಮೊದಲ ಮೂರು ವರ್ಷ ತಪ್ಪದೇ ಚೆಕಪ್‌ಗೆ ಹೋದರು. ಆಮೇಲೆ ಅಡಿಕೆ ಕೊಯ್ಲು, ಮಗಳ ಮದುವೆ, ಅಂಗಡಿ ನೋಡಿಕೊಳ್ಳೋಕೆ ಜನ ಇಲ್ಲ ಅಂತ ಒಂದೊಂದೇ ಕಾರಣಕ್ಕೆ ತಪ್ಪಿಹೋಯಿತು. ಈಗ ಎರಡು ತಿಂಗಳಿಂದ ಅಕ್ಕಿ ಮೂಟೆ ಎಳೆದರೆ ಏದುಸಿರು, ಸಂಜೆ ಹೊತ್ತಿಗೆ ಕಾಲು ಊತ. ಮೊದಲು ಗ್ಯಾಸ್ಟ್ರಿಕ್ ಮಾತ್ರೆ ತಗೊಂಡರು, ಆಮೇಲೆ ಕಷಾಯ ಮಾಡಿಸಿ ಕುಡಿದರು. ಕೊನೆಗೆ ಆಸ್ಪತ್ರೆಗೆ ಹೋದಾಗ ಡಾಕ್ಟರು ಕೇಳಿದರು: "ಹಿಂದೆ ಏನಾದ್ರೂ ಕಾಯಿಲೆ ಇತ್ತಾ?"

"ಶುಗರ್ ಸ್ವಲ್ಪ ಇದೆ ಡಾಕ್ಟ್ರೇ, ಇನ್ನೇನಿಲ್ಲ."

ಕಿಡ್ನಿ ವಿಷಯ ಬಾಯಿಗೇ ಬರಲಿಲ್ಲ. ವಾಸಿಯಾಗಿ ಹೋಗಿದ್ದನ್ನ ಏನು ಹೇಳೋದು ಅಂತ.

ಇವರು ಕಲ್ಪನೆಯ ವ್ಯಕ್ತಿ. ಆದರೆ ಈ ಉತ್ತರ ಕಲ್ಪನೆಯದ್ದಲ್ಲ. ನಮ್ಮ ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಕಡೆಯಿಂದ ಮಣಿಪಾಲಕ್ಕೋ, ಶಿವಮೊಗ್ಗಕ್ಕೋ, ಬೆಂಗಳೂರಿನ ಕಿದ್ವಾಯಿಗೋ ಹೋಗಿ ಗಡ್ಡೆ ತೆಗೆಸಿಕೊಂಡು ಬಂದು ಚೆನ್ನಾಗಿ ಬದುಕುತ್ತಿರುವವರು ಪ್ರತಿ ಊರಲ್ಲೂ ಇದ್ದಾರೆ. ಅವರಲ್ಲಿ ಬಹಳ ಜನ ಅದನ್ನು ಮುಗಿದ ಅಧ್ಯಾಯ ಅಂತ ಅಟ್ಟಕ್ಕೆ ಹಾಕಿಬಿಡುತ್ತಾರೆ. ಕೆಲವರಿಗೆ ಹೇಳಿಕೊಳ್ಳೋಕೆ ಸಂಕೋಚ, ಮನೆಯಲ್ಲಿ ಮದುವೆಗೆ ಇರುವ ಮಕ್ಕಳಿದ್ದರಂತೂ ಇನ್ನೂ ಸಂಕೋಚ. ಆದರೆ ಹೃದಯದ ವಿಚಾರಕ್ಕೆ ಬಂದಾಗ ಈ ಹಳೇ ಗಡ್ಡೆಯ ಕಥೆ ಗೊತ್ತಿದ್ದರೆ ಡಾಕ್ಟರು ನೋಡುವ ರೀತಿಯೇ ಬೇರೆಯಾಗುತ್ತದೆ. ಯಾಕೆ ಅನ್ನೋದು ಈ ಬರಹದ ವಿಷಯ.

ಹೃದಯಕ್ಕೂ ಗಡ್ಡೆ ಬರುತ್ತಾ?

ಹೃದಯಕ್ಕೆ ಕ್ಯಾನ್ಸರ್ ಬರಲ್ಲ ಅಂತ ಒಂದು ಮಾತಿದೆ. ಅದು ಪೂರ್ತಿ ಸುಳ್ಳಲ್ಲ. ಹೃದಯದಲ್ಲೇ ಹುಟ್ಟುವ ಗಡ್ಡೆ ಬಹಳ ಅಪರೂಪ. ಹತ್ತು ಸಾವಿರ ಶವಪರೀಕ್ಷೆ ಮಾಡಿದರೆ ಎರಡರಲ್ಲಿ ಸಿಗಬಹುದು, ಅಷ್ಟೇ. ಚರ್ಮ, ಕರುಳು, ಬಾಯಿಯ ಒಳಪದರದ ಜೀವಕೋಶಗಳು ದಿನಾ ಒಡೆದು ಹೊಸದಾಗುತ್ತಾ ಇರುತ್ತವೆ, ಹಾಗೆ ಒಡೆಯುವಾಗ ತಪ್ಪು ನಡೆಯುವ ಸಂಭವ ಇರುತ್ತದೆ. ಹೃದಯದ ಸ್ನಾಯು ಹಾಗಲ್ಲ. ಹುಟ್ಟಿದ ಮೇಲೆ ಅದರ ಜೀವಕೋಶಗಳು ಒಡೆಯುವುದೇ ಕಡಿಮೆ.

ಆದರೆ ಬೇರೆ ಕಡೆ ಹುಟ್ಟಿದ ಕ್ಯಾನ್ಸರ್ ಹೃದಯಕ್ಕೆ ಬಂದು ಸೇರುವುದು ಅಷ್ಟು ಅಪರೂಪವಲ್ಲ. ಹೃದಯದಲ್ಲೇ ಹುಟ್ಟಿದ ಗಡ್ಡೆಗೆ ಹೋಲಿಸಿದರೆ ಹೀಗೆ ಬಂದು ಸೇರಿದ್ದು ಇಪ್ಪತ್ತರಿಂದ ನಲವತ್ತು ಪಟ್ಟು ಹೆಚ್ಚು. ಕ್ಯಾನ್ಸರ್‌ನಿಂದ ತೀರಿಕೊಂಡವರ ಶವಪರೀಕ್ಷೆ ಮಾಡಿದಾಗ ಸುಮಾರು ಹತ್ತರಲ್ಲಿ ಒಬ್ಬರ ಹೃದಯದಲ್ಲಿ ಅಥವಾ ಅದರ ಹೊರಚೀಲದಲ್ಲಿ ಕಾಯಿಲೆ ಸಿಕ್ಕಿದೆ. ಇದನ್ನು ಓದಿ ಗಾಬರಿ ಬೇಡ. ಅದು ಕಾಯಿಲೆ ಕೊನೆಯ ಹಂತಕ್ಕೆ ಹೋದವರ ಲೆಕ್ಕ, ಚಿಕಿತ್ಸೆ ಮುಗಿಸಿ ಆರಾಮಾಗಿ ಓಡಾಡಿಕೊಂಡಿರುವವರ ಲೆಕ್ಕವಲ್ಲ. ಇನ್ನೊಂದು ವಿಷಯ, ಇವರಲ್ಲಿ ಬಹಳ ಜನಕ್ಕೆ ಬದುಕಿದ್ದಾಗ ಹೃದಯದ ತೊಂದರೆ ಅಂತ ಗೊತ್ತೇ ಆಗಿರಲಿಲ್ಲ.

ಯಾವ ದಾರಿಯಲ್ಲಿ ಬರುತ್ತದೆ

ಒಂದು, ಪಕ್ಕದ ಮನೆಯಿಂದ ಬೇಲಿ ದಾಟಿ ಬಂದ ಹಾಗೆ. ಶ್ವಾಸಕೋಶ, ಸ್ತನ, ಅನ್ನನಾಳ ಇವೆಲ್ಲ ಹೃದಯದ ಅಕ್ಕಪಕ್ಕದಲ್ಲೇ ಇವೆ. ಅಲ್ಲಿಯ ಗಡ್ಡೆ ನೇರವಾಗಿಯೋ, ಎದೆಯೊಳಗಿನ ದುಗ್ಧರಸ ನಾಳಗಳ ಮೂಲಕವೋ ಹೃದಯದ ಹೊರಚೀಲ ತಲುಪುತ್ತದೆ. ಹೃದಯಕ್ಕೆ ಹರಡಿದ ಪ್ರಕರಣಗಳಲ್ಲಿ ಸಂಖ್ಯೆಯಲ್ಲಿ ಹೆಚ್ಚು ಸಿಗುವುದು ಶ್ವಾಸಕೋಶ ಮತ್ತು ಸ್ತನದ ಕ್ಯಾನ್ಸರ್, ಜೊತೆಗೆ ಲಿಂಫೋಮಾ, ಲ್ಯುಕೇಮಿಯಾದಂಥ ರಕ್ತದ ಕ್ಯಾನ್ಸರ್.

ಎರಡು, ರಕ್ತದಲ್ಲಿ ತೇಲಿ ಬರುವುದು. ಇದರಲ್ಲಿ ಎಲ್ಲಕ್ಕಿಂತ ಹಠಮಾರಿ ಮೆಲನೋಮಾ ಅನ್ನುವ ಚರ್ಮದ ಕ್ಯಾನ್ಸರ್. ಮೈತುಂಬಾ ಹರಡಿದ ಮೆಲನೋಮಾದಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಹೃದಯಕ್ಕೆ ಅದು ತಲುಪಿರುತ್ತದೆ. ನಮ್ಮ ದೇಶದಲ್ಲಿ ಈ ಕಾಯಿಲೆ ಕಡಿಮೆ. ಬಂದರೆ ಹೆಚ್ಚಾಗಿ ಅಂಗಾಲಲ್ಲೋ ಉಗುರಿನ ಕೆಳಗೋ ಕಪ್ಪು ಮಚ್ಚೆಯಾಗಿ ಶುರುವಾಗುತ್ತದೆ. ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರು ಅದನ್ನು ಮುಳ್ಳು ಚುಚ್ಚಿದ ಕಲೆ ಅಂದುಕೊಂಡು ಬಿಟ್ಟುಬಿಡುವ ಸಾಧ್ಯತೆ ಇದೆ, ಅದಕ್ಕೇ ಇಲ್ಲಿ ಹೇಳಿದ್ದು.

ಮೂರನೆಯ ದಾರಿ ಸ್ವಲ್ಪ ವಿಚಿತ್ರ. ನಮ್ಮ ಅಂಗಡಿಯವರ ಕಥೆ ಇದಕ್ಕೇ ಸೇರಿದ್ದು. ಕಿಡ್ನಿಯ ಕ್ಯಾನ್ಸರ್ ಕೆಲವರಲ್ಲಿ ಕಿಡ್ನಿಯ ರಕ್ತನಾಳದ ಒಳಗೇ ಬಳ್ಳಿ ಹಬ್ಬಿದ ಹಾಗೆ ಬೆಳೆಯುತ್ತದೆ. ಅಲ್ಲಿಂದ ಹೊಟ್ಟೆಯ ದೊಡ್ಡ ಅಭಿಧಮನಿ, ಅಲ್ಲಿಂದ ಮೇಲಕ್ಕೆ ಹೃದಯದ ಬಲ ಮೇಲಿನ ಕೋಣೆ. ನೂರು ಜನ ಕಿಡ್ನಿ ಕ್ಯಾನ್ಸರ್ ರೋಗಿಗಳಲ್ಲಿ ಸುಮಾರು ಒಬ್ಬರಿಗೆ ಇದು ಹೃದಯದವರೆಗೂ ಹೋಗಿರುತ್ತದೆ. ಪಿತ್ತಜನಕಾಂಗದ, ಅಂದರೆ ಲಿವರ್‌ನ ಕ್ಯಾನ್ಸರ್ ಕೂಡ ಇದೇ ದಾರಿ ಹಿಡಿಯಬಲ್ಲದು. ದಾರಿ ಮುಚ್ಚಿದ ಹಾಗೆ ಆಗೋದರಿಂದ ಕಾಲು ಊದಿಕೊಳ್ಳುತ್ತದೆ, ಹೊಟ್ಟೆ ಉಬ್ಬುತ್ತದೆ. ಕೇಳಿದರೆ ಭಯ ಆಗುತ್ತೆ, ಆದರೆ ಬೇರೆ ಕಡೆ ಹರಡಿಲ್ಲದಿದ್ದರೆ ಅದನ್ನು ಪೂರ್ತಿ ಎಳೆದು ತೆಗೆಯುವ ಆಪರೇಷನ್ ಇದೆ. ಹಾಗೆ ತೆಗೆಸಿಕೊಂಡು ಹಲವು ವರ್ಷ ಬದುಕಿದವರೂ ಇದ್ದಾರೆ.

ಬಾಯಿ ಕ್ಯಾನ್ಸರ್ ಬಗ್ಗೆಯೂ ಒಂದು ಮಾತು, ಎಲೆ ಅಡಿಕೆ ಹೊಗೆಸೊಪ್ಪಿನ ಊರು ನಮ್ಮದು. ಅದು ಮೊದಲು ಹೋಗುವುದು ಕುತ್ತಿಗೆಯ ಗಂಟುಗಳಿಗೆ. ಹೃದಯಕ್ಕೆ ಹೋಗುವುದು ಅಪರೂಪ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೊಗೆಸೊಪ್ಪು ಮಾತ್ರವಲ್ಲ, ಅಡಿಕೆಯನ್ನೂ ಕ್ಯಾನ್ಸರ್‌ಕಾರಕ ಪಟ್ಟಿಗೆ ಸೇರಿಸಿದೆ. ಬೆಳೆಗಾರರು ಅದನ್ನು ಒಪ್ಪಿಲ್ಲ. ಆ ಜಗಳ ಈ ಬರಹದ್ದಲ್ಲ, ಬಾಯಲ್ಲಿ ವಾಸಿಯಾಗದ ಹುಣ್ಣಿದ್ದರೆ ಮಾತ್ರ ಜಗಳ ಮುಗಿಯೋವರೆಗೆ ಕಾಯಬೇಡಿ.

ಹೊರಚೀಲದಲ್ಲಿ ನೀರು

ಹೃದಯವನ್ನು ಸುತ್ತಿಕೊಂಡು ಎರಡು ಪದರದ ತೆಳು ಚೀಲ ಇದೆ. ಹರಡಿದ ಕ್ಯಾನ್ಸರ್ ಹೆಚ್ಚಾಗಿ ಕೂರುವುದು ಇಲ್ಲಿಯೇ. ಹಾಗೆ ಕೂತಾಗ ಚೀಲದಲ್ಲಿ ನೀರು ತುಂಬುತ್ತದೆ. ನಿಧಾನವಾಗಿ ತುಂಬಿದರೆ ಚೀಲ ಹಿಗ್ಗಿಕೊಳ್ಳುತ್ತಾ ಒಂದು ಲೀಟರ್‌ವರೆಗೂ ತಡೆದುಕೊಳ್ಳಬಹುದು. ಬೇಗ ತುಂಬಿದರೆ ಒಂದು ಲೋಟದಷ್ಟು, ಅಂದರೆ 150ರಿಂದ 200 ಎಂಎಲ್ ನೀರೇ ಹೃದಯವನ್ನು ಹಿಸುಕಿಬಿಡುತ್ತದೆ. ಬಿಪಿ ಇಳಿಯುತ್ತದೆ, ಕುತ್ತಿಗೆಯ ನರ ಉಬ್ಬುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಮುಂದಕ್ಕೆ ಬಾಗಿ ಕೂತರೆ ಸ್ವಲ್ಪ ಸಮಾಧಾನ. ಇಂಥ ಹೊತ್ತಲ್ಲಿ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ, 108ಕ್ಕೆ ಫೋನ್ ಮಾಡಬೇಕು. ಎಕೋ ನೋಡಿಕೊಂಡು ಎದೆಮೂಳೆಯ ಕೆಳಗಿನಿಂದ ಸೂಜಿ ಹಾಕಿ ನೀರು ತೆಗೆಯುತ್ತಾರೆ. ನೀರು ಹೊರಗೆ ಬರುತ್ತಿದ್ದ ಹಾಗೇ ರೋಗಿಯ ಉಸಿರು ಹಗುರಾಗುತ್ತದೆ.

ತೆಗೆದ ನೀರನ್ನು ಲ್ಯಾಬ್‌ಗೆ ಕಳಿಸಲೇಬೇಕು. ನಮ್ಮ ದೇಶದಲ್ಲಿ ಈ ಚೀಲದಲ್ಲಿ ನೀರು ತುಂಬೋಕೆ ಕ್ಷಯ, ಅಂದರೆ ಟಿಬಿ ಕೂಡ ದೊಡ್ಡ ಕಾರಣ. ಟಿಬಿಯಾದರೆ ತಿಂಗಳುಗಟ್ಟಲೆ ಮಾತ್ರೆ ತಗೊಂಡು ವಾಸಿಯಾಗುವ ಕಾಯಿಲೆ. ಮೊದಲು ಕ್ಯಾನ್ಸರ್ ಇದ್ದವರಿಗೆ ಟಿಬಿ ಬರಬಾರದು ಅಂತೇನಿಲ್ಲ. "ಹಳೇದೇ ಬಂತು" ಅಂತ ಮನೆಯವರೇ ತೀರ್ಮಾನ ಮಾಡಿ ಕೈಚೆಲ್ಲಿ ಕೂತರೆ ವಾಸಿಯಾಗುವ ಕಾಯಿಲೆಗೂ ಔಷಧಿ ಸಿಗದ ಹಾಗಾಗುತ್ತದೆ.

ಎಕೋದಲ್ಲಿ ಕಂಡ ಉಂಡೆ ಏನೇನಿರಬಹುದು

ಈ ಬರಹದಲ್ಲಿ ಬೇರೆಲ್ಲ ಮರೆತರೂ ಇದೊಂದನ್ನು ನೆನಪಿಟ್ಟುಕೊಳ್ಳಿ. ಹಿಂದೆ ಗಡ್ಡೆ ಇದ್ದವರ ಹೃದಯದಲ್ಲಿ ಒಂದು ಉಂಡೆ ಕಂಡ ಮಾತ್ರಕ್ಕೆ ಅದು ಹಳೇ ಕಾಯಿಲೆ ಹರಡಿದ್ದೇ ಅಂತ ಹೇಳೋಕೆ ಬರಲ್ಲ.

ಅದು ಹೆಪ್ಪುಗಟ್ಟಿದ ರಕ್ತ ಇರಬಹುದು. ಕ್ಯಾನ್ಸರ್ ಇದ್ದವರಲ್ಲಿ ರಕ್ತ ಹೆಪ್ಪುಗಟ್ಟುವುದು ಜಾಸ್ತಿ. ಕೀಮೋ ಕೊಡೋಕೆ ಕುತ್ತಿಗೆಯ ಹತ್ತಿರ ಚರ್ಮದ ಕೆಳಗೆ ಪೋರ್ಟ್ ಹಾಕಿರುತ್ತಾರಲ್ಲ, ಅದರ ನಳಿಕೆಯ ತುದಿ ಹೃದಯದ ಬಲ ಮೇಲಿನ ಕೋಣೆಯ ಬಾಗಿಲಲ್ಲೇ ಇರುತ್ತದೆ. ಆ ತುದಿಗೆ ರಕ್ತ ಹೆಪ್ಪುಗಟ್ಟಿ ಅಂಟಿಕೊಂಡರೆ ಎಕೋದಲ್ಲಿ ಥೇಟ್ ಗಡ್ಡೆಯ ಹಾಗೇ ಕಾಣುತ್ತದೆ. ಇದಕ್ಕೆ ರಕ್ತ ತೆಳುವಾಗಿಸುವ ಔಷಧಿ ಸಾಕಾಗಬಹುದು. ಆದರೆ ಅದೇ ಔಷಧಿಯನ್ನು, ಹೊರಚೀಲದಲ್ಲಿ ರಕ್ತಮಿಶ್ರಿತ ನೀರು ತುಂಬಿರುವವರಿಗೆ ಕೊಟ್ಟರೆ ಅಪಾಯ. ಅದಕ್ಕೇ ಗುರುತಿಸುವುದು ಮುಖ್ಯ ಅನ್ನೋದು.

ಸೋಂಕಿನಿಂದ ಕವಾಟದ ಮೇಲೆ ಬೆಳೆದ ಪದರವೂ ಇರಬಹುದು. ಅದಕ್ಕೆ ವಾರಗಟ್ಟಲೆ ಆ್ಯಂಟಿಬಯೋಟಿಕ್ ಬೇಕು.

ಇಲ್ಲವೇ ಮಿಕ್ಸೋಮಾ ಇರಬಹುದು. ದೊಡ್ಡವರಲ್ಲಿ ಹೃದಯದಲ್ಲೇ ಹುಟ್ಟುವ ಗಡ್ಡೆಗಳಲ್ಲಿ ಇದೇ ಸಾಮಾನ್ಯ, ಮತ್ತು ಇದು ಕ್ಯಾನ್ಸರ್ ಅಲ್ಲ. ಹಳೇ ಕಾಯಿಲೆಗೂ ಇದಕ್ಕೂ ಸಂಬಂಧ ಇರಬೇಕೆಂದೇನಿಲ್ಲ. ನಾಲ್ಕರಲ್ಲಿ ಮೂರು ಮಿಕ್ಸೋಮಾಗಳು ಹೃದಯದ ಎಡ ಮೇಲಿನ ಕೋಣೆಯಲ್ಲಿ ಒಂದು ತೊಟ್ಟಿನಿಂದ ನೇತಾಡುತ್ತಿರುತ್ತವೆ. ಹೆಂಗಸರಲ್ಲಿ ಸ್ವಲ್ಪ ಹೆಚ್ಚು. ನೇತಾಡುವಾಗ ಕವಾಟದ ಬಾಗಿಲಿಗೆ ಅಡ್ಡ ಬಂದರೆ ತಲೆ ಸುತ್ತಿ ಬೀಳಬಹುದು. ಮಗ್ಗುಲು ಬದಲಿಸಿದರೆ ಉಸಿರಾಟ ಬದಲಾಗಬಹುದು. ಚೂರು ಒಡೆದು ಮೆದುಳಿಗೆ ಹೋದರೆ ಪಾರ್ಶ್ವವಾಯು. ಬಿಟ್ಟು ಬಿಟ್ಟು ಜ್ವರ, ತೂಕ ಇಳಿಯೋದು, ಕೀಲುನೋವು ಇದ್ದರಂತೂ ಯಾರಾದರೂ ಇನ್ನೊಂದೇ ಕಾಯಿಲೆ ಅಂದುಕೊಳ್ಳೋದು ಸಹಜ. ನಮ್ಮ ಕಡೆ ಬೇಸಿಗೆಯಲ್ಲಿ ಜ್ವರ ಅಂದರೆ ಮೊದಲು ಮಂಗನ ಕಾಯಿಲೆಯ ಭಯ. ಮಿಕ್ಸೋಮಾ ಯಾರ ತಲೆಗೂ ಬರಲ್ಲ.

ಇದಕ್ಕೆ ಮದ್ದು ಆಪರೇಷನ್, ಅದೂ ತಡಮಾಡದೆ. ಹಾರ್ಟ್-ಲಂಗ್ ಯಂತ್ರದ ಸಹಾಯದಿಂದ ಮೊದಲ ಬಾರಿಗೆ ಯಶಸ್ವಿಯಾಗಿ ಮಿಕ್ಸೋಮಾ ತೆಗೆದದ್ದು ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ, 1954ರಲ್ಲಿ, ಕ್ಲಾರೆನ್ಸ್ ಕ್ರಾಫೂರ್ಡ್ ಅನ್ನುವ ಸರ್ಜನ್. ಈಗ ನಮ್ಮ ಬೆಂಗಳೂರಿನ ಜಯದೇವದಂಥ ದೊಡ್ಡ ಹೃದ್ರೋಗ ಆಸ್ಪತ್ರೆಗಳಲ್ಲಿ ಇದು ಮಾಡಿ ರೂಢಿಯಾದ ಕೆಲಸ. ಪೂರ್ತಿ ತೆಗೆದ ಮೇಲೆ ಮತ್ತೆ ಬರುವುದು ನೂರಕ್ಕೆ ಎರಡೋ ಮೂರೋ ಜನಕ್ಕೆ. ಒಂದು ವಿನಾಯಿತಿ ಇದೆ. ಕಾರ್ನಿ ಕಾಂಪ್ಲೆಕ್ಸ್ ಅಂತ ಒಂದು ವಂಶಪಾರಂಪರ್ಯ ಕಾಯಿಲೆ. ತುಟಿ, ಕಣ್ಣಿನ ಸುತ್ತ ಚುಕ್ಕೆಚುಕ್ಕೆ ಮಚ್ಚೆ, ಚರ್ಮದಲ್ಲಿ, ಸ್ತನದಲ್ಲಿ, ಗ್ರಂಥಿಗಳಲ್ಲಿ ಗಡ್ಡೆ, ಜೊತೆಗೆ ಹೃದಯದಲ್ಲಿ ಮಿಕ್ಸೋಮಾ. ಇಂಥವರಲ್ಲಿ ಅದು ಮತ್ತೆ ಬರುವುದು ಹೆಚ್ಚು. ಹಾಗಾಗಿ ಜೀವನಪೂರ್ತಿ ಎಕೋ ಮಾಡಿಸುತ್ತಾ ಇರಬೇಕು, ಒಡಹುಟ್ಟಿದವರು, ಮಕ್ಕಳನ್ನೂ ಪರೀಕ್ಷೆ ಮಾಡಿಸಬೇಕು. ಬಹಳ ಅಪರೂಪ, ಆದರೆ "ನಮ್ಮಣ್ಣನಿಗೂ ಹಾರ್ಟಲ್ಲಿ ಗಡ್ಡೆ ಇತ್ತು" ಅನ್ನುವ ಮನೆಯವರು ಡಾಕ್ಟರಿಗೆ ಅದನ್ನು ಹೇಳಲೇಬೇಕು.

ಕೊನೆಗೆ, ಹೌದು, ಹಳೇ ಕ್ಯಾನ್ಸರ್ ಹರಡಿದ್ದೂ ಇರಬಹುದು. ಸ್ತನ, ಕಿಡ್ನಿ, ಮೆಲನೋಮಾ ಈ ಮೂರು ಹತ್ತು ವರ್ಷ ಸುಮ್ಮನಿದ್ದು ಮತ್ತೆ ತಲೆ ಎತ್ತಬಲ್ಲವು. ಐದು ವರ್ಷ ದಾಟಿತು, ಇನ್ನು ಪಾರಾದೆವು ಅನ್ನುವ ಲೆಕ್ಕ ಎಲ್ಲ ಕ್ಯಾನ್ಸರ್‌ಗೂ ಹೊಂದಲ್ಲ. ಹರಡಿದ್ದೇ ಆದರೂ ಯಾವ ಕ್ಯಾನ್ಸರ್ ಅನ್ನೋದರ ಮೇಲೆ ಔಷಧಿ ಇದೆ. ಲಿಂಫೋಮಾ ಹೃದಯದಲ್ಲಿದ್ದರೂ ಕೀಮೋಗೆ ಚೆನ್ನಾಗಿ ಕರಗಬಹುದು.

ಇದು ಅದಾ, ಅದು ಇದಾ ಅಂತ ಬೇರೆ ಮಾಡೋಕೆ ಎದೆಯ ಮೇಲಿಂದ ಮಾಡುವ ಎಕೋ ಕೆಲವೊಮ್ಮೆ ಸಾಲದು. ಬಾಯಿಯಿಂದ ಅನ್ನನಾಳಕ್ಕೆ ಟ್ಯೂಬ್ ಇಳಿಸಿ ಮಾಡುವ ಎಕೋ, ಹೃದಯದ ಎಂಆರ್‌ಐ, ಪೆಟ್ ಸ್ಕ್ಯಾನ್ ಬೇಕಾಗಬಹುದು. ಎಂಆರ್‌ಐಯಲ್ಲಿ ಕೊಡುವ ಬಣ್ಣದ ಔಷಧಿ ಗಡ್ಡೆಯೊಳಗೆ ಹೋಗುತ್ತದೆ, ಯಾಕೆಂದರೆ ಅದಕ್ಕೆ ರಕ್ತನಾಳ ಇರುತ್ತದೆ. ಹೆಪ್ಪುಗಟ್ಟಿದ ರಕ್ತದೊಳಗೆ ಹೋಗಲ್ಲ. ವ್ಯತ್ಯಾಸ ಗೊತ್ತಾಗುವುದು ಹೀಗೆ.

ಗರ್ಭಕೋಶದ ಗಡ್ಡೆ ತೆಗೆಸಿದವರಿಗೆ

ನಮ್ಮ ಹೆಂಗಸರಿಗೆ ಹಿಂದೆ ಗಡ್ಡೆ ಇತ್ತಾ ಅಂತ ಕೇಳಿದರೆ ಗರ್ಭಕೋಶದ ಗಡ್ಡೆಯನ್ನು ಲೆಕ್ಕಕ್ಕೇ ತಗೊಳ್ಳಲ್ಲ. ಫೈಬ್ರಾಯ್ಡ್ ಅಂತ ಗರ್ಭಕೋಶ ತೆಗೆಸಿದವರು ಎಷ್ಟೋ ಮನೆಯಲ್ಲಿದ್ದಾರೆ, ಅದು ಕ್ಯಾನ್ಸರ್ ಅಲ್ಲ. ಆದರೆ ತೀರಾ ಅಪರೂಪಕ್ಕೆ ಈ ಸಾಧು ಗಡ್ಡೆಯೂ ರಕ್ತನಾಳದೊಳಗೆ ಬೆಳೆದು, ಗರ್ಭಕೋಶ ತೆಗೆಸಿ ವರ್ಷಗಳಾದ ಮೇಲೆ ಹೃದಯದ ಬಲಭಾಗಕ್ಕೆ ಬಂದು ನಿಂತಿದ್ದನ್ನು ವೈದ್ಯರು ದಾಖಲಿಸಿದ್ದಾರೆ. ಏದುಸಿರು, ಕಾಲು ಊತ, ತಲೆಸುತ್ತಿ ಬೀಳುವುದು ಇದರ ಲಕ್ಷಣ. ಗೊತ್ತಾದರೆ ಆಪರೇಷನ್ ಮಾಡಿ ತೆಗೆಯಬಹುದು. ಗರ್ಭಕೋಶ ತೆಗೆಸಿದವರೆಲ್ಲ ನಾಳೆ ಎಕೋಗೆ ಓಡಬೇಕಾಗಿಲ್ಲ. ಡಾಕ್ಟರು ಕೇಳಿದಾಗ ಅದನ್ನೂ ಹೇಳಿ, ಅಷ್ಟೇ.

ಗಡ್ಡೆಗಿಂತ ಹೆಚ್ಚಾಗಿ ಸಿಗುವುದು

ಕ್ಯಾನ್ಸರ್ ಚಿಕಿತ್ಸೆ ಮುಗಿಸಿದವರಿಗೆ ಏದುಸಿರು ಬಂದರೆ ಹೃದಯದ ಗಡ್ಡೆ ಪಟ್ಟಿಯಲ್ಲಿ ಮೊದಲನೆಯದಲ್ಲ. ರಕ್ತಹೀನತೆ, ಶ್ವಾಸಕೋಶದ ಸೋಂಕು, ಕಾಲಿನಿಂದ ಶ್ವಾಸಕೋಶಕ್ಕೆ ಹೋದ ರಕ್ತದ ಹೆಪ್ಪು ಇವುಗಳ ಸಾಧ್ಯತೆ ಜಾಸ್ತಿ. ಇನ್ನೊಂದು, ಚಿಕಿತ್ಸೆಯಿಂದಲೇ ಹೃದಯ ಸೋತಿರುವುದು. ಕೆಂಪು ಬಣ್ಣದ ಕೀಮೋ ಔಷಧಿ ಹಾಕಿಸಿಕೊಂಡವರಿಗೆ ನೆನಪಿರುತ್ತದೆ, ಮೂತ್ರವೂ ಕೆಂಪಾಗಿ ಬರುತ್ತದೆ. ಅದು ಡಾಕ್ಸೋರುಬಿಸಿನ್. ಒಬ್ಬರಿಗೆ ಇಡೀ ಜೀವನದಲ್ಲಿ ಇಷ್ಟೇ ಕೊಡಬಹುದು ಅನ್ನುವ ಮಿತಿ ಈ ಔಷಧಿಗೆ ಇದೆ, ಯಾಕೆಂದರೆ ಹೆಚ್ಚಾದಷ್ಟೂ ಹೃದಯದ ಸ್ನಾಯು ದುರ್ಬಲವಾಗುತ್ತದೆ. ಕೆಲವರಲ್ಲಿ ಇದು ವರ್ಷಗಳ ನಂತರ ಕಾಣಿಸಿಕೊಳ್ಳುತ್ತದೆ. ಸ್ತನ ಕ್ಯಾನ್ಸರ್‌ಗೆ ಕೊಡುವ ಟ್ರಾಸ್ಟುಜುಮಾಬ್, ಎಡ ಎದೆಗೆ ಕೊಟ್ಟ ರೇಡಿಯೇಷನ್ ಕೂಡ ಹೃದಯಕ್ಕೆ ತೊಂದರೆ ಮಾಡಬಲ್ಲವು.

ಸಮಾಧಾನ ಏನೆಂದರೆ ಹೃದಯದೊಳಗಿನ ಗಡ್ಡೆ, ಹೆಪ್ಪು, ಹೊರಚೀಲದ ನೀರು, ಸೋತ ಸ್ನಾಯು ಎಲ್ಲದಕ್ಕೂ ಮೊದಲ ಪರೀಕ್ಷೆ ಒಂದೇ, ಎಕೋ. ಬಸುರಿಯರಿಗೆ ಮಾಡುವ ಸ್ಕ್ಯಾನಿಂಗ್ ಥರದ್ದೇ, ನೋವಿಲ್ಲ, ವಿಕಿರಣ ಇಲ್ಲ. ಇಸಿಜಿ ನಾರ್ಮಲ್ ಬಂತು ಅಂತ ನಿರಾಳವಾಗಬೇಡಿ. ಹೃದಯದೊಳಗೆ ಉಂಡೆ ಇದ್ದರೂ ಇಸಿಜಿ ಸರಿಯಾಗೇ ಇರಬಹುದು.

ಫೈಲ್‌ನಲ್ಲಿ ಏನಿರಬೇಕು, ಎಲ್ಲಿಗೆ ಹೋಗಬೇಕು

ತೋಟದಿಂದ ಮನೆಗೆ ಬರುವ ಏರು ಹೋದ ವರ್ಷ ಸಲೀಸಾಗಿ ಹತ್ತುತ್ತಿದ್ದವರು ಈಗ ಎರಡು ಕಡೆ ನಿಂತು ಹತ್ತುತ್ತಿದ್ದರೆ, ಮಲಗೋಕೆ ಎರಡು ಮೂರು ದಿಂಬು ಬೇಕಾಗುತ್ತಿದ್ದರೆ, ಕಾರಣವಿಲ್ಲದೆ ತಲೆಸುತ್ತಿ ಬಿದ್ದಿದ್ದರೆ, ಕಾಲು ಊದುತ್ತಿದ್ದರೆ, ಮತ್ತು ಹಿಂದೆ ಯಾವುದೇ ಗಡ್ಡೆಗೆ ಚಿಕಿತ್ಸೆ ಆಗಿದ್ದರೆ, ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೋ ಕೊಪ್ಪದ ತಾಲ್ಲೂಕು ಆಸ್ಪತ್ರೆಗೋ ಹೋಗಿ. ವಯಸ್ಸಾಯ್ತಲ್ಲ ಅಂತ ಸುಮ್ಮನಾಗಬೇಡಿ. ಅಲ್ಲಿಗೆ ಮೊದಲು ಹೋಗಿ ಅನ್ನೋಕೆ ಇನ್ನೂ ಒಂದು ಕಾರಣ ಇದೆ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30, ಗರಿಷ್ಠ ಒಂದೂವರೆ ಲಕ್ಷ. ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ನೇರವಾಗಿ ಘಾಟಿ ಇಳಿದು ಹೋಗಿ, ಆಮೇಲೆ ಪತ್ರಕ್ಕೆ ವಾಪಸ್ ಬರುವ ಪಾಡು ಬೇಡ. ಸಹಕಾರ ಸಂಘದ ಸದಸ್ಯರಾಗಿ ಯಶಸ್ವಿನಿ ಮಾಡಿಸಿಕೊಂಡವರು ಯಾವ ಆಪರೇಷನ್ ಅದರಲ್ಲಿ ಬರುತ್ತದೆ ಅಂತ ಸಂಘದಲ್ಲೇ ಮೊದಲು ಕೇಳಿಕೊಳ್ಳಿ. ಸಹಕಾರ ಸಾರಿಗೆ ಬಸ್ಸುಗಳು ನಿಂತ ಮೇಲೆ ಓಡಾಟಕ್ಕೆ ಆಗುವ ಖರ್ಚು ಎಲ್ಲರಿಗೂ ಗೊತ್ತು, ಹೋಗೋದಾದರೆ ಒಂದೇ ಸಲಕ್ಕೆ ಎಲ್ಲ ಕಾಗದ ಹಿಡಿದು ಹೋಗುವುದು ಒಳ್ಳೇದು.

ಆ ಕಾಗದ ಯಾವುವು ಅಂದರೆ: ಡಿಸ್ಚಾರ್ಜ್ ಸಮ್ಮರಿ, ತೆಗೆದ ಗಡ್ಡೆಯ ಬಯಾಪ್ಸಿ ರಿಪೋರ್ಟ್, ಕೀಮೋ ಆಗಿದ್ದರೆ ಯಾವ ಔಷಧಿ ಎಷ್ಟು ಸಲ ಅಂತ ಬರೆದ ಚೀಟಿ, ರೇಡಿಯೇಷನ್ ಆಗಿದ್ದರೆ ಎಲ್ಲಿಗೆ ಎಷ್ಟು ಅನ್ನೋದು, ಹಳೇ ಎಕೋ ಏನಾದರೂ ಇದ್ದರೆ ಅದು. ಹಳೇ ಎಕೋ ಚೆನ್ನಾಗಿದ್ದು ಹೊಸದರಲ್ಲಿ ಉಂಡೆ ಕಂಡರೆ ಅದು ಈಚೆಗೆ ಬಂದದ್ದು ಅಂತ ಡಾಕ್ಟರಿಗೆ ತಕ್ಷಣ ತಿಳಿಯುತ್ತದೆ. ಪೋರ್ಟ್ ಇನ್ನೂ ಮೈಯಲ್ಲೇ ಇದ್ದರೆ ಬಾಯಿಬಿಟ್ಟು ಹೇಳಿ.

ಫೈಲ್ ಕಳೆದುಹೋಗಿದ್ದರೆ ಚಿಕಿತ್ಸೆ ಕೊಟ್ಟ ಆಸ್ಪತ್ರೆಯ ರೆಕಾರ್ಡ್ ವಿಭಾಗದಲ್ಲಿ ಆಸ್ಪತ್ರೆ ನಂಬರ್ ಹೇಳಿ ಪ್ರತಿ ಕೇಳಬಹುದು. ಆ ನಂಬರ್ ಸಾಮಾನ್ಯವಾಗಿ ಹಳೇ ಬಿಲ್ಲಿನ ಮೇಲೋ ಔಷಧಿ ಚೀಟಿಯ ಮೇಲೋ ಇರುತ್ತದೆ. ನಮ್ಮ ಮಳೆಗಾಲಕ್ಕೆ ಕಾಗದ ಬೂಸ್ಟು ಹಿಡಿಯೋದು ಗ್ಯಾರಂಟಿ. ಇವತ್ತೇ ಎಲ್ಲಾ ಹಾಳೆಯ ಫೋಟೋ ತೆಗೆದು ಮಗನ ಫೋನಿಗೋ ಮಗಳ ಫೋನಿಗೋ ವಾಟ್ಸಾಪ್ ಮಾಡಿಡಿ.